ಕೊನೆಯ ಮೂರು ಅಕ್ಷರ

ಕ್ಯಾನ್‌ಬೆರಾ, ಜನವರಿ. ಹತ್ತು ಗಂಟೆಯಾದರೂ ಸೂರ್ಯ
ಹಳಸಿದ ಮೊಟ್ಟೆಯ ಹಳದಿ.
ಹೊಗೆ ಹೆಚ್ಚೆಂದು ಓದುವ ಕೋಣೆ ಮುಚ್ಚಿ ಮೂರು ದಿನ.
ಬಾಗಿಲ ಸಂದಿಗೆ ಒದ್ದೆ ಟವೆಲ್ಲು ತುರುಕಿ
ನೆಲಮಾಳಿಗೆಗೆ ಇಳಿದೆವು ಇಬ್ಬರೇ:
ತೇವದ ಮುಳ್ಳು ನೋಡಿ ಬರೆದಿಡುವ ನಾನು,
ಹರಿದದ್ದನ್ನು ಕೂಡಿಸುವ ವಿನಿಫ್ರೆಡ್ ಕ್ವಾಕ್.

ಮೇಜಿನ ಮೇಲೆ ಬೆಂಡಿಗೋದ ನಾಟಿವೈದ್ಯನೊಬ್ಬನ ಪೆಟ್ಟಿಗೆ.
ಚಿನ್ನ ಅಗೆಯಲು ಬಂದವರ ಕೆಮ್ಮಿಗೆ ಕಷಾಯ ಕೊಟ್ಟವನು;
ಅವನಿಗೆಷ್ಟು ಚಿನ್ನ ಸಿಕ್ಕಿತೋ, ಪಟ್ಟಿಯಲ್ಲಿಲ್ಲ.
ಪಟ್ಟಿಯಲ್ಲಿರುವುದು: ಬೇರು-ನಾರಿನ ಪುಸ್ತಕ ಹನ್ನೊಂದು,
ನಾಲ್ಕು ತೂತಿನ ರೇಷ್ಮೆ ಹೊಲಿಗೆ, ಎರಡರದು ಬಿಚ್ಚಿದೆ;
ಪಂಚಾಂಗ ಒಂದು, ಒಂದೇ ಒಂದು ದಿನಕ್ಕೆ ಕೆಂಪು ಸುತ್ತು;
ಮತ್ತೆ, ಹಳೆಯ ಅಂಗಿಯ ತೋಳಿನೊಳಗೆ ಮಲಗಿಸಿದ
ಬುದ್ಧಸೂತ್ರದ ಸುರುಳಿ. ವೈದ್ಯನಿಗಿಂತ ಸಾವಿರ ವರ್ಷ ಹಿರಿದು
ಎನ್ನುತ್ತಾನೆ ಒಬ್ಬ ಪಂಡಿತ. ಅಷ್ಟೆಲ್ಲ ಇಲ್ಲ, ಇನ್ನೊಬ್ಬ.
ಕಾಗದ ಯಾರ ಪಕ್ಷವನ್ನೂ ವಹಿಸಿಲ್ಲ.

ಹಳದಿ ಇದೂ. ಹೊರಗಿನ ಹಳದಿಯಲ್ಲ.
ಯಾವುದೋ ಮರದ ತೊಗಟೆ ಕುದಿಸಿ ಅದ್ದಿದ್ದಾರೆ,
ಹುಳದ ಬಾಯಿ ಕಹಿಯಾಗಲೆಂದು.
ಎದೆಹಾಲು ಬಿಡಿಸಲು ಬೇವು ಹಚ್ಚುತ್ತಾರಲ್ಲ, ಹಾಗೆ, ಎಂದೆ.
ವಿನಿಫ್ರೆಡ್ ನಕ್ಕಳು.
ಆದರೂ ಒಂದು ಹುಳ, ಛಲಗಾರ,
ಏಳು ಸುತ್ತು ದಾಟಿ ಕೊರೆದಿದೆ ನೇರ;
ಸುರುಳಿ ಬಿಚ್ಚಿದರೆ ಅದೇ ತೂತು
ಏಳು ಸಲ ಬರುತ್ತದೆ, ಚೋಟಿಗೊಂದು,
ಚೋಟು ಬರಬರುತ್ತ ಕಿರಿದಾಗಿ.

ಸಾಲಿಗೆ ಹದಿನೇಳು ಅಕ್ಷರ, ಮೇಲಿಂದ ಕೆಳಗೆ,
ಮಗ್ಗದ ಹಾಸಿನಂತೆ. ಒಂದು ಸಾಲಿಗೆ ಮಾತ್ರ ಹದಿನೆಂಟು:
ಬಿಟ್ಟುಹೋದದ್ದನ್ನು ಕುಗ್ಗಿಸಿ ತೂರಿಸಿದ್ದಾನೆ,
ಹೊರಟ ಬಸ್ಸಿಗೆ ತಮ್ಮನನ್ನು ಹತ್ತಿಸುವವನಂತೆ.
ಅವನ ಹೆಸರಿರಬೇಕಾದ ಕಡೆ ಇಲಿ ತಿಂದಿದೆ.

"ನನಗಿದು ಓದಲು ಬರುವುದಿಲ್ಲ," ಅಂದಳು ವಿನಿಫ್ರೆಡ್,
ಮೂವತ್ತು ವರ್ಷ ಇವಕ್ಕೇ ತೇಪೆ ಹಾಕಿದವಳು.
"ಶಾಲೆಯಲ್ಲಿ ನಗುತ್ತಿದ್ದರು, ಕಲಿಯಲಿಲ್ಲ.
ಅಜ್ಜಿ ಸಂಜೆ ಗುನುಗುತ್ತಿದ್ದಳು. ಕೊನೆಯ ಈ ಮೂರು ಮಾತ್ರ ಗುರುತು.
ಇದು ಬಂತೆಂದರೆ ಊಟ."
ಮಾಸ್ಕು ಕೆಳಗೆಳೆದು ಹೇಳಿದಳು: ಸೊ, ಪೊ, ಹೊ.

ಇನ್ನೊಮ್ಮೆ, ಎಂದೆ.

ಸೊ ಪೊ ಹೊ.

ಎಲ್ಲೋ ಕೇಳಿದ ದನಿ. ಪರವೂರ ಸಂತೆಯಲ್ಲಿ
ಬೇರೆ ಅಂಗಿ ತೊಟ್ಟು ನಿಂತ ನೆಂಟ.
ಸ್ವಾಹಾ!
ಒಂಟೆಯ ಬೆನ್ನೇರಿ ಮರಳು ದಾಟಿ,
ಗೊತ್ತಿಲ್ಲದ ನಾಲಗೆಗಳಲ್ಲಿ ಅಂಚು ಸವೆದು,
ಹಡಗಿನ ತಳದಲ್ಲಿ ವಾಂತಿ ಮಾಡಿಕೊಂಡು
ಬೆಂಡಿಗೋದ ಅಡುಗೆಮನೆಗೆ ಬಂದು ಇಳಿದದ್ದು.
ನಮ್ಮೂರ ಗುಂಡಾಚಾರ್ಯರಿಗೆ ನೆಗಡಿಯಾದಾಗ
ಹೆಚ್ಚೂಕಡಿಮೆ ಹೀಗೆಯೇ ಕೇಳುತ್ತಿತ್ತು.

"ಏನು ಹಾಗೆಂದರೆ?"
ಹೇಳಬಾರದಿತ್ತೇನೋ. ಹೇಳಿದೆ:
ಬೆಂಕಿಗೆ ಕೊಡುವಾಗ ಅನ್ನುವುದು. ತುಪ್ಪ, ಎಳ್ಳು, ಸಮಿತ್ತು.
ಸೊಸೈಟಿ ದುಡ್ಡು ನುಂಗಿದವನಿಗೂ ಅನ್ನುತ್ತೇವೆ,
ಎಲ್ಲ ಸ್ವಾಹಾ ಮಾಡಿದ ಅಂತ.

ಅವಳು ಮೇಲೆ ನೋಡಿದಳು. ಮೇಲೆ ಚಾವಣಿ;
ಅದರಾಚೆ ಎಲ್ಲೋ ನೀಲಗಿರಿ ಮರಗಳು
ಮೈಯೆಣ್ಣೆಗೇ ಧಗ್ಗೆಂದು ಹತ್ತಿಕೊಳ್ಳುವ ವಾರ.
ತಮ್ಮ ಡೆಸ್ಮಂಡನ ನಲವತ್ತು ಜೇನುಪೆಟ್ಟಿಗೆ ಮೊನ್ನೆ ಹೋದವು.
"ಹಾಗಾದರೆ," ಅಂದಳು, "ಇವತ್ತು ಆ ಮೂರನ್ನು
ಗಟ್ಟಿಯಾಗಿ ಓದುವುದು ಬೇಡ."

ಓದಲಿಲ್ಲ. ಗೋಧಿಯ ಗಂಜಿ ಕಲಸಿದಳು, ತೆಳ್ಳಗೆ.
ಹುಳದ ಐದನೆಯ ತೂತಿಗೆ
ನುಚ್ಚಕ್ಕಿಯಷ್ಟು ತೇಪೆ, ಉಸಿರು ಬಿಗಿಹಿಡಿದು.
ನಾನು ಮುಳ್ಳು ನೋಡಿದೆ: ಐವತ್ತೊಂದು. ಬರೆದೆ.
ಹಾನಿ ಎಂಬ ಅಂಕಣದಲ್ಲಿ: ಹುಳ, ಇಲಿ.
ಅರ್ಥ ಎಂಬ ಅಂಕಣ ನಮ್ಮ ನಮೂನೆಯಲ್ಲಿಲ್ಲ.

ಸಂಜೆ ಹೊರಬಂದರೆ ಕಾರಿನ ಗಾಜಿನ ಮೇಲೆ
ಎಷ್ಟೋ ಮೈಲಿ ಹಾರಿಬಂದ ಒಂದು ಕರಿ ಎಲೆ,
ಪೂರ್ತಿ ಸುಟ್ಟದ್ದು, ಪೂರ್ತಿ ಎಲೆ,
ನರ ನರ ಎಣಿಸಬಹುದು.
ಮುಟ್ಟಿದೆ.