ಎಂಬತ್ತೇಳು

ನೀರು ಕುದಿಯುವುದು ಎಷ್ಟು ಡಿಗ್ರಿಗೆ?
ಮೂವತ್ತೊಂಬತ್ತು ಮಕ್ಕಳು ನೂರು ಎಂದರು.
ನೈರಾ ಕೊಂಡೋರಿ ಒಬ್ಬಳೇ, ಎಂಬತ್ತೇಳು.
ಪಕ್ಕದಲ್ಲಿ ಇರುವೆಸಾಲಿನಂಥ ಅಕ್ಷರ: ನಾನೇ ನೋಡಿದೆ.

ಕೆಂಪು ಗೀಟು ಎಳೆದೆ.
ಇಪ್ಪತ್ತಾರು ವರ್ಷದ ರೂಢಿ,
ಕೈಗೆ ಕಣ್ಣು ಬೇಕಿಲ್ಲ.
ಲಾ ಪಾಸ್‌ನಿಂದ ಬಂದ ಉತ್ತರಪಟ್ಟಿ
ಮೊಹರು ಹೊತ್ತು ಮೇಜಿನ ಮೇಲಿತ್ತು.

ಸಂಜೆ ಬಂದಳು. ಅಳು ಇಲ್ಲ, ದೂರಿಲ್ಲ,
ಕೈಯಲ್ಲಿ ಚೀಸ್ ಮಾಡುವ ಮಾವನ ಥರ್ಮಾಮೀಟರು.
ಅದು ಕೆಟ್ಟಿರಬೇಕು, ಎಂದೆ.
ಮೂರು ಒಲೆಯ ಮೇಲೆ ನೋಡಿದೆ ಮೇಷ್ಟ್ರೇ,
ಮೂರೂ ಕೆಟ್ಟಿವೆಯಾ?
ಇರಲಿ, ಪರೀಕ್ಷೆಯಲ್ಲಿ ನೂರೇ ಬರಿ.
ಬರೀತೀನಿ. ಆದರೆ
ನೀರಿಗೆ ಯಾರು ಹೇಳೋದು?

ಎಲ್ ಆಲ್ಟೊ. ಹೆಸರಿನ ಅರ್ಥವೇ ಎತ್ತರ.
ನಾಲ್ಕು ಸಾವಿರ ಮೀಟರಿನ ಮೇಲೆ, ತಗಡು ಮಾಡಿನ ಕೆಳಗೆ
ಆ ರಾತ್ರಿ ನಾನೂ ಪಾತ್ರೆ ಇಟ್ಟೆ.
ಗುಳ್ಳೆ ಎದ್ದವು, ಮುಚ್ಚಳ ಕುಣಿಯಿತು,
ಪಾದರಸ ಎಂಬತ್ತೇಳಕ್ಕೆ ಬಂದು
ಮೊಂಡು ಕತ್ತೆಯ ಹಾಗೆ ನಿಂತುಬಿಟ್ಟಿತು.

ಆಗ ನೆನಪಾದಳು ಅವ್ವ.
ನಾಳೆ ಮಧ್ಯಾಹ್ನದ ಊಟಕ್ಕೆ
ಇಂದು ಮಧ್ಯರಾತ್ರಿಯೇ ಅವರೆ ಬೇಯಲು ಇಡುತ್ತಿದ್ದವಳು:
ಇಲ್ಲಿಯ ನೀರಿಗೆ ಕೋಪ ಬೇಗ, ಕಸುವು ಕಮ್ಮಿ.
ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.
ನಾನು ಹತ್ತಿದೆ,
ಹತ್ತುವಾಗಲೇ ಎಲ್ಲೋ ಆ ಮಾತು ಬೀಳಿಸಿಕೊಂಡೆ.

ಪುಸ್ತಕ ಬರೆದವನು ಕಡಲ ಮಟ್ಟದಲ್ಲಿ ಕೂತಿದ್ದ.
ನಮಗೆ ಕಡಲೇ ಇಲ್ಲ;
ಇದ್ದೊಂದು ತುಂಡನ್ನೂ ಯುದ್ಧದಲ್ಲಿ ಕಳಕೊಂಡವರು.
ಆದರೂ ನಮ್ಮ ಮಕ್ಕಳು ಇಷ್ಟು ವರ್ಷ
ಅವನ ದಡದ ನೀರನ್ನೇ ಕುದಿಸಿ
ನೂರಕ್ಕೆ ನೂರು ತೆಗೆದರು.

ಬೆಳಿಗ್ಗೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: 87.
ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.
ಮೂವತ್ತೊಂಬತ್ತು ತಲೆ ಬಗ್ಗಿದವು,
ನೂರನ್ನು ಹೊಡೆದು ಎಂಬತ್ತೇಳು ಬರೆದುಕೊಂಡವು,
ಸ್ಕೇಲಿಟ್ಟು ಕೆಳಗೆ ಎರಡೆರಡು ಗೆರೆ.
ಯಾಕೆ ಎಂದು ಒಬ್ಬರೂ ಕೇಳಲಿಲ್ಲ.
ಕೊನೆಯ ಬೆಂಚಿನ ಹುಡುಗ ಕೇಳಿದ್ದು ಇಷ್ಟೇ:
ಇದು ಪರೀಕ್ಷೆಗೆ ಬರುತ್ತಾ?

ಐಮಾರಾದಲ್ಲಿ ನೈರಾ ಅಂದರೆ ಕಣ್ಣು.
ಅವಳು ಮಾತ್ರ ಪೆನ್ಸಿಲು ಎತ್ತಿದಳು:
ನಿನ್ನೆ ಆಲಿಕಲ್ಲು ಬೀಳುವ ಮುಂಚೆ
ಎಂಬತ್ತಾರೂವರೆಗೇ ಕುದಿಯಿತು, ಮೇಷ್ಟ್ರೇ.

ಉತ್ತರ ಗೊತ್ತಿತ್ತು ಅನಿಸುತ್ತದೆ. ಹೇಳಲಿಲ್ಲ.
ಒಲೆ ತರಲು ಇಬ್ಬರನ್ನು ಕಳಿಸಿ
ಡಸ್ಟರು ಹುಡುಕತೊಡಗಿದೆ.

ಅವಳ ಹಾಳೆಯ ಕೆಂಪು ಗೀಟು ಹಾಗೇ ಇದೆ.
ಒಣಗಿದ ಮೇಲೆ ಅದು
ನನ್ನದಲ್ಲ, ಇಲಾಖೆಯದು.