ಹಳದಿ ಮನೆ ಸ್ಟಾಪು

ನಾವು ಕೊಂಡಾಗ ಅದಕ್ಕೆ ಐವತ್ತೊಂದು ವರ್ಷ,
ನನಗಿಂತ ಮೂರು ವರ್ಷಕ್ಕೆ ದೊಡ್ಡದು.
ಒಂದೇ ಅಂತಸ್ತು. ಮೆಲುಕು ಹಾಕುತ್ತ ಮಲಗಿದ ಎಮ್ಮೆಯ ಹಾಗೆ
ಅರಸೀಕೆರೆಯ ಹುಳಿಯಾರು ರಸ್ತೆಗೆ ಮಗ್ಗುಲು ಕೊಟ್ಟು.
ಗೇಟಿನ ಕಂಬಿಯಲ್ಲಿ ಅರ್ಧ ಹುಟ್ಟಿದ ಸೂರ್ಯ,
ಕಿಟಕಿಗಳ ಮೇಲೆ ಹುಬ್ಬಿನಂಥ ಸಜ್ಜೆ,
ಗೋಡೆ ಪೂರ್ತಿ ಹಳದಿ.
ಅರಿಸಿನವಲ್ಲ, ನಿಂಬೆಯಲ್ಲ,
ಕಾಮಾಲೆಯಾದವರ ಕಣ್ಣಿನ ಹಳದಿ.
ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ನೋಡಿದ್ದು ಸಾಕು,
ಮನೆಗೂ ಬೇಡ ಎಂದೆ.

ಮೇಸ್ತ್ರಿ ಖಲಂದರ್ ಬಂದರು.
ಬೆರಳ ಗೆಣ್ಣಿನಿಂದ ಗೋಡೆ ಬಡಿದು ಕಿವಿಗೊಟ್ಟರು,
ನಮ್ಮ ಡಾಕ್ಟರು ಎದೆ ಬಡಿದು ಕೇಳುವಂತೆಯೇ.
‘ಇಲ್ಲಿ ಟೊಳ್ಳು. ಇಲ್ಲಿ ಪರವಾಗಿಲ್ಲ.
ಸಜ್ಜೆ ನೀರು ಕುಡೀತಿದೆ, ಮೊದಲು ಅದು.
ಬಣ್ಣ ಆಮೇಲೆ ಮೇಡಂ,
ಪೌಡರ್ ಹಚ್ಚೋ ಮುಂಚೆ ಮುಖ ತೊಳೀಬೇಕಲ್ಲ.’

ಶೇಡ್ ಕಾರ್ಡು ಬಿಡಿಸಿದರೆ ಇಸ್ಪೀಟು ಹರಡಿದ ಹಾಗೆ.
ಸಮುದ್ರದ ಹೆಸರಿನವೇ ಹದಿನೇಳು;
ನಮ್ಮ ಕೆರೆಯ ಹೆಸರಿನದು ಒಂದೂ ಇಲ್ಲ.
ತಿಪ್ಪೇಶ, ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಹೇಳಿದ:
‘ಕೆಂಪು ಬೇಡ, ಹಸಿರು ಬೇಡ,
ದಿನವೆಲ್ಲ ಅವನ್ನೇ ತೋರಿಸ್ತೀನಿ.’
ಅಷ್ಟು ಹೇಳಿ ಊಟಕ್ಕೆ ಕೂತ.

ಗೋಡೆಯ ಮೇಲೆ ನಾಲ್ಕು ಚೌಕ ಬಳಿದು ಬಿಟ್ಟೆವು.
ಬೆಳಗ್ಗೆ ಚೆಂದ ಕಂಡದ್ದು ಮಧ್ಯಾಹ್ನ ಕಣ್ಣಿಗೆ ಚುಚ್ಚಿತು,
ಸಂಜೆ ಹಿಡಿಸಿದ್ದು ಟ್ಯೂಬ್‌ಲೈಟಿನಲ್ಲಿ ಶವದಂತೆ ತಣ್ಣಗಾಯಿತು.
ಇಪ್ಪತ್ತು ದಿನ ಆ ಚೌಕಗಳು ಹಾಗೇ ಇದ್ದವು.
ಹಾಲಿನವನು ಎರಡನೆಯದು ಎಂದ.
ಎದುರುಮನೆ ಗಂಗಾಂಬಿಕೆಯವರು ಮೂರನೆಯದು,
ಆದರೆ ಅದು ಪೂರ್ವ ದಿಕ್ಕಿಗೆ ಆಗದಂತೆ.
ಕೊಬ್ಬರಿ ಮಂಡಿಯ ಹಮಾಲಿ ಯಾರೋ, ಹೆಸರೂ ಗೊತ್ತಿಲ್ಲ,
ಸೈಕಲ್ ನಿಲ್ಲಿಸಿ, ತಲೆ ಓರೆ ಮಾಡಿ,
‘ಯಾವ್ದೂ ಬ್ಯಾಡ’ ಅಂದು ಹೊರಟೇಹೋದ.
ಅವನ ಮಾತೇ ಮನಸ್ಸಿನಲ್ಲಿ ಉಳಿಯಿತು.

ಒಂದು ರಾತ್ರಿ ಮುದ್ದೆಗೆ ಎಸರಿಟ್ಟು
ಹಿಟ್ಟಿನ ಡಬ್ಬ ತೆಗೆದವಳು ಹಾಗೇ ನಿಂತೆ.
ಬೂದಿಯೂ ಅಲ್ಲ, ಕಂದೂ ಅಲ್ಲ,
ಒಳಗೆಲ್ಲೋ ಒಂದು ಚೂರು ನೇರಳೆ.
ಪೇಪರಿನಲ್ಲಿ ಒಂದು ಮುಷ್ಟಿ ಕಟ್ಟಿಕೊಂಡು ಅಂಗಡಿಗೆ ಹೋದೆ.
ಹುಡುಗ ನಕ್ಕ, ಮೂಸಿ ನೋಡಿದ,
ಮಷೀನಿಗೆ ತೋರಿಸಿ ಒಂದು ನಂಬರು ಹೇಳಿದ.
ರಾಗಿಗೂ ಒಂದು ನಂಬರು!
ಹದಿನಾರು ಲೀಟರು ಬೆರೆಸಿಕೊಟ್ಟ.
ಕಿಟಕಿ ಚೌಕಟ್ಟಿಗೆ ಬಿಳಿ,
ಗೇಟಿನ ಸೂರ್ಯನಿಗೆ ಮಾತ್ರ ಹಳೆಯ ಹಳದಿ ಇರಲಿ ಎಂದು
ತಿಪ್ಪೇಶ ಹಠ ಹಿಡಿದ. ನಾನು ಬಿಟ್ಟೆ.
ಸೂರ್ಯನಿಗೆ ಕಾಮಾಲೆಯಿದ್ದರೆ ಅದು ಅವನ ಹಣೆಬರಹ.

ಬಳಿದು ಮುಗಿದ ಮರುದಿನ
ಜಗುಲಿಯಲ್ಲಿ ಕಾಫಿ ಹಿಡಿದು ಕೂತಿದ್ದೇನೆ, ಗರ್ವದಿಂದಲೇ.
ಬಸ್ಸು ಬಂತು. ಕಂಡಕ್ಟರು ಬಾಗಿಲಿಗೆ ಬಡಿದು ಕೂಗಿದ:
‘ಹಳದಿ ಮನೆ, ಹಳದಿ ಮನೆ! ಇಳೀರಿ ಬೇಗ!’
ಗೋಡೆಯನ್ನು ನೋಡಲೂ ಇಲ್ಲ. ಸೀಟಿ ಊದಿದ.

ಸಿಟ್ಟು ಬಂತು, ಸುಳ್ಳು ಹೇಳಲಾರೆ.
ಆಮೇಲೆ ನೆನಪಾಯಿತು,
ಸಂತೆಯಲ್ಲಿ ಸಿಕ್ಕು ನಮಸ್ಕಾರ ಹೇಳುವ ಆ ಟೈಲರನ್ನು
ನಾನು ಈಗಲೂ ಗುರುತಿಸುವುದು ‘ಹದಿನಾಲ್ಕನೇ ಬೆಡ್ಡು’ ಎಂದೇ.
ಅವರು ಗುಣವಾಗಿ ಒಂಬತ್ತು ವರ್ಷ.

ಬಸ್ಸಿನಿಂದ ಇಳಿದವಳು ಒಬ್ಬಳೇ.
ಕೈಯಲ್ಲಿ ಚೀಟಿ, ಬಗಲಲ್ಲಿ ಒಂದು ಕೂಸು.
ಆ ಕಡೆ ನೋಡಿದಳು, ಈ ಕಡೆ ನೋಡಿದಳು,
ಗೇಟಿನ ಹತ್ತಿರ ಬಂದಳು.
‘ಹಳದಿ ಮನೆ ಪಕ್ಕದ ಓಣಿ ಅಂದಿದ್ರು. ಯಾವುದಮ್ಮ ಹಳದಿ ಮನೆ?’
‘ಇದೇ’ ಎಂದೆ.
ಅವಳು ಗೋಡೆ ನೋಡಿದಳು, ಚೀಟಿ ನೋಡಿದಳು, ನನ್ನನ್ನೂ.
ಕೂಸು ಗೇಟಿನ ಸೂರ್ಯನನ್ನು ಹಿಡಿದು
ಬಿಡಲೊಲ್ಲದು.
‘ಮುಟ್ಟಬೇಡ, ಬಣ್ಣ ಇನ್ನೂ ಹಸಿ’ ಎನ್ನುವಷ್ಟರಲ್ಲಿ,
ಅಲ್ಲ, ಅದು ಹಳೆಯದಲ್ಲವೆ,
ಒಣಗಿ ಎಷ್ಟೋ ಕಾಲವಾಯಿತು.