ಎರಡನೆಯ ಸಲಕ್ಕೆ

ಎದುರುಮನೆಯ ಭಾರ್ಗವ ಬಂದು ಕೇಳಿದ:
ಸುಗಂಧಕ್ಕಾ, ಹಳೇ ಸ್ಯಾಂಟ್ರೋ ಒಂದು ನೋಡಿದೀನಿ,
ನಂಬಬಹುದಾ?

ಉದ್ದು ರುಬ್ಬುತ್ತಿದ್ದೆ. ಗ್ರೈಂಡರಿನ ಸದ್ದಿನಲ್ಲಿ
ಅರ್ಧ ಕೇಳಿಸಿತು. ಕೈ ತೊಳೆದು
ಲೆಕ್ಕದ ಪುಸ್ತಕ ತಂದುಕೊಟ್ಟೆ.
ಬಲಪುಟದಲ್ಲಿ ಹೋಟೆಲಿನವರ ಬಾಕಿ,
ಎಡಪುಟದಲ್ಲಿ ಕಾರು.

ಕಾಕ್ಸ್‌ಟೌನಿನ ಫಿಲೋಮಿನಾ ಟೀಚರ್ ಮಾರಿದಾಗ
ಡ್ಯಾಶ್‌ಬೋರ್ಡಿನ ಮೇಲೆ ಮೇರಿಯಮ್ಮ ಇದ್ದಳು.
ತೆಗೆಯಲು ಮನಸ್ಸಾಗದೆ
ಪಕ್ಕದಲ್ಲಿ ಬನಶಂಕರಿಯನ್ನು ಕೂರಿಸಿದೆ.
ಹನ್ನೊಂದು ವರ್ಷದಿಂದ ಇಬ್ಬರೂ
ಕತ್ತಲಲ್ಲಿ ಶ್ರೀನಗರದ ಹಂಪುಗಳನ್ನು ಎಣಿಸುತ್ತಿದ್ದಾರೆ.

ಹಿಂದಿನ ಸೀಟು ಬಿಚ್ಚಿಸಿದೆ,
ಅದೀಗ ನಮ್ಮನೆ ಸೋಫಾ.
ಆ ಜಾಗದಲ್ಲಿ ಆರು ಡ್ರಮ್ಮು ಹಿಟ್ಟು,
ನಾಲ್ಕು ಇಡ್ಲಿಗೆ, ಎರಡು ದೋಸೆಗೆ.

ಓದು, ಅಂದೆ.
ಅರವತ್ತು ಸಾವಿರಕ್ಕೆ ಟೈಮಿಂಗ್ ಬೆಲ್ಟು.
ಇದು ಹರಿದ್ರೆ ಇಂಜಿನ್ ಖಲಾಸ್ ಅಕ್ಕಾ ಎಂದು
ಜೆ.ಸಿ. ರಸ್ತೆಯ ಜಬೀವುಲ್ಲಾ
ನಾಡಿ ಹಿಡಿದವನಂತೆ ಹೇಳಿದ್ದ.
ಕ್ಲಚ್ ಪ್ಲೇಟು ಎರಡು ಸಲ. ತಪ್ಪು ನನ್ನದೇ,
ಏರಿನಲ್ಲಿ ಅರ್ಧ ಒತ್ತಿ ನಿಲ್ಲುವ ಚಾಳಿ.
ಬಾಗಿಲ ಹಿಡಿ ಮೂರು,
ಚಕ್ಕುಲಿ ಮುರಿದಂತೆ ಕೈಗೇ ಬರುತ್ತವೆ.
ಏಸಿ ಕೆಟ್ಟಿತು, ಹಾಗೇ ಬಿಟ್ಟೆ.
ಸ್ಟೀರಿಂಗಿನಲ್ಲಿ ಕಟಕಟ. ರಿಪೇರಿ ಬೇಡವೆಂದೆ,
ಆ ಹೊತ್ತಲ್ಲಿ ಮಾತಿಗೆ ಬೇರೆ ಯಾರಿದ್ದಾರೆ.
ಹಳದಿ ದೀಪವೊಂದು
ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗಿಂದ ಉರಿಯುತ್ತಿದೆ.
ಅವಳ ಬಿ.ಕಾಂ. ಮುಗಿಯಿತು.

ಕೊರಿಯಾ ಎಲ್ಲಿದೆಯೋ ಕಾಣೆ.
ಕಾರಂತೂ ಮದರಾಸಿನ ಪಕ್ಕ ಹುಟ್ಟಿದ್ದು.
ಆ ದೇಶದ ಸೀರಿಯಲ್ ನೋಡುವ ಮಗಳು ಹೇಳಿದಳು:
ಅವರೂ ಹುಳಿ ಬರಿಸ್ತಾರೆ ಕಣಮ್ಮಾ,
ಎಲೆಕೋಸಿಗೆ ಖಾರ ಹಚ್ಚಿ, ಜಾಡಿಗೆ ತುಂಬಿ
ತಿಂಗಳುಗಟ್ಟಲೆ ಕಾಯ್ತಾರೆ.
ಹೌದಾ, ಅಂದೆ.
ಕಾಯಲು ಬಲ್ಲವರು ತಿರುಗಿಸಿದ ಬೋಲ್ಟು
ಸಡಿಲವಾಗುವುದಿಲ್ಲ ಅಂತ ಅವತ್ತು ಯಾಕೋ ಅನ್ನಿಸಿತು.

ಕೆಂಪು ಇಂಕಿನಲ್ಲಿರುವುದು ಒಂದೇ ಸಾಲು.
ಏಪ್ರಿಲ್, ಲಾಲ್‌ಬಾಗಿನ ವೆಸ್ಟ್ ಗೇಟು, ಐದೂ ಹತ್ತು.
ಕೆಮ್ಮದೆ, ನಡುಗದೆ, ನಿಂತುಬಿಟ್ಟಿತು.
ಹಿಂದೆ ಹಿಟ್ಟು ನಿಲ್ಲಲಿಲ್ಲ.
ಸೆಕೆಗೆ ಉಬ್ಬಿ ಉಬ್ಬಿ
ಮೊದಲೊಂದು ಮುಚ್ಚಳ ಎದ್ದಿತು, ಆಮೇಲೆ ಇನ್ನೆರಡು,
ಆಮೇಲೆ ನಾನು ನೋಡಲಿಲ್ಲ.
ವಾಕಿಂಗಿನವರು ಗಾಜಿಗೆ ಮುಖ ಒತ್ತಿ ಇಣುಕಿದರು.
ಏನಮ್ಮಾ, ಕಾರಿನ ಗೃಹಪ್ರವೇಶವಾ
ಎಂದರು ಮಂಕಿ ಟೋಪಿಯ ಯಜಮಾನರು.

ಜಬೀವುಲ್ಲಾ ಸಹರಿ ಮುಗಿಸಿ, ಲುಂಗಿಯಲ್ಲೇ ಸ್ಕೂಟರೇರಿ ಬಂದ.
ಒಂದು ರಿಲೇ ಸುಟ್ಟಿತ್ತು, ನೂರ ಎಂಬತ್ತು ರೂಪಾಯಿಯದು.
ಅಂಗಡಿ ತೆರೆಯುವವರೆಗೆ ಇರಲಿ ಅಂತ
ಹಾರ್ನಿನದನ್ನು ಕಿತ್ತು ಅಲ್ಲಿಗೆ ಚುಚ್ಚಿದ.
ಅವತ್ತು ಕಿಟಕಿಯಿಂದ ತಲೆ ಹಾಕಿ
ಜರುಗ್ರಪ್ಪಾ, ಜರುಗ್ರೀ ಎಂದು ಕೂಗುತ್ತಾ
ಅರ್ಧ ಬೆಂಗಳೂರು ಸುತ್ತಿದೆ.
ಹುಳಿ ವಾಸನೆ ಇನ್ನೂ ಹೋಗಿಲ್ಲ.
ಹೊಗೆ ಪರೀಕ್ಷೆಯ ಹುಡುಗ
ಪ್ರತಿಸಲ ಮೂಗು ಮುಚ್ಚಿಕೊಂಡೇ ಪಾಸ್ ಅನ್ನುತ್ತಾನೆ.

ಬಲಪುಟ ಓದಬೇಡ ಅಂದೆ. ಓದಿದ.
ಪದ್ಮನಾಭ ಐತಾಳರು, ನಾಲ್ಕು ತಿಂಗಳು:
ನಾಳೆ, ಶುಕ್ರವಾರ, ಆಷಾಢ ಕಳೀಲಿ.
ಅವರ ರಿಲೇ ಎಲ್ಲಿದೆಯೋ
ಜಬೀವುಲ್ಲಾನಿಗೂ ಗೊತ್ತಿಲ್ಲ.

ಹಾಗಾದ್ರೆ ನಂಬಬಹುದು ಅಂತೀರಾ?
ನೋಡಪ್ಪಾ, ಮೊದಲ ಸಲ ಕೀಲಿ ತಿರುಗಿಸಿದರೆ ಏಳುವುದಿಲ್ಲ,
ಎರಡನೆಯ ಸಲಕ್ಕೆ ಏಳುತ್ತದೆ.
ಮಳೆಗೂ ಅಷ್ಟೇ, ಚಳಿಗೂ ಅಷ್ಟೇ,
ಲಾಕ್‌ಡೌನಿನಲ್ಲಿ ಎರಡು ತಿಂಗಳು ನಿಂತಮೇಲೂ ಅಷ್ಟೇ.
ಅದಕ್ಕೆ ಏನು ಹೆಸರಿಡುತ್ತೀಯೋ ಇಡು.

ಅವನು ಹೋದ. ಕೊಂಡನೋ ಇಲ್ಲವೋ ಕೇಳಿಲ್ಲ.

ಈ ಬೆಳಗ್ಗೆ, ನಾಲ್ಕೂವರೆಗೆ,
ಡ್ರಮ್ಮು ಏರಿಸಿ, ಸೆರಗು ಸಿಕ್ಕಿಸಿ, ಕೀಲಿ ತಿರುಗಿಸಿದೆ.
ಮೊದಲ ಸಲಕ್ಕೇ ಎದ್ದಿತು.
ಎದೆ ಧಸಕ್ಕೆಂದಿತು.
ಮೇರಿಯಮ್ಮನನ್ನು ನೋಡಿದೆ, ಬನಶಂಕರಿಯನ್ನು ನೋಡಿದೆ,
ಆರಿಸಿ,
ಇನ್ನೊಮ್ಮೆ ತಿರುಗಿಸಿದೆ.